ಒಂದೇ ಸಂಜೆ ಮೂರು ಆಟ: ನೋಡಿದ್ದು ಹೇಗೆ, ಬರೆದಿಟ್ಟದ್ದು ಹೇಗೆ

2019ರ ಜುಲೈ 14, ಭಾನುವಾರ. ಲಾರ್ಡ್ಸ್‌ನಲ್ಲಿ ಇಂಗ್ಲೆಂಡ್-ನ್ಯೂಜಿಲೆಂಡ್ ಕ್ರಿಕೆಟ್ ವಿಶ್ವಕಪ್ ಫೈನಲ್ ಮಧ್ಯಾಹ್ನ 3ಕ್ಕೆ, ಫೆಡರರ್-ಜೊಕೊವಿಚ್ ವಿಂಬಲ್ಡನ್ ಟೆನಿಸ್ ಪುರುಷರ ಫೈನಲ್ ಸಂಜೆ 6.30ಕ್ಕೆ, ಸಿಲ್ವರ್‌ಸ್ಟೋನ್‌ನಲ್ಲಿ ಫಾರ್ಮುಲಾ ಒನ್ ಕಾರ್ ರೇಸು 6.40ಕ್ಕೆ. ಮೂರೂ ಇಂಗ್ಲೆಂಡಿನಲ್ಲೇ. ಬೇಸಿಗೆಯಲ್ಲಿ ಅಲ್ಲಿನ ಗಂಟೆಗೆ ನಾಲ್ಕೂವರೆ ಕೂಡಿಸಿದರೆ ನಮ್ಮ ಗಂಟೆ.

ಮೂಡಿಗೆರೆ ಕಡೆ ಆಷಾಢದಲ್ಲಿ ಆಟ ನೋಡಬೇಕಾದರೆ ಮೊದಲು ಕರೆಂಟಿನ ಲೆಕ್ಕ ಹಾಕಬೇಕು. 150 ಎಎಚ್‌ನ 12 ವೋಲ್ಟ್ ಇನ್ವರ್ಟರ್ ಬ್ಯಾಟರಿಯಲ್ಲಿ ಹೆಸರಿಗೆ 1800 ವಾಟ್-ಅವರ್ ಇದ್ದರೂ ಕೈಗೆ ಸಿಗುವುದು ಸುಮಾರು 1100. 32 ಇಂಚಿನ ಎಲ್‌ಇಡಿ ಟಿವಿಗೆ 50 ವಾಟ್, ಸೆಟ್‌ಟಾಪ್ ಬಾಕ್ಸ್, ರೂಟರ್, ಒಂದು ಬಲ್ಬು ಎಲ್ಲ ಸೇರಿ 35. ಹೊಸ ಬ್ಯಾಟರಿಯಾದರೆ ಹನ್ನೆರಡು ಗಂಟೆ ಬರುತ್ತದೆ, ಮೂರು ವರ್ಷ ದಾಟಿದ್ದಾದರೆ ಅದರಲ್ಲಿ ಅರ್ಧ ಎಂದು ಹಿಡಿಯಿರಿ. ಫ್ರಿಜ್ಜು ಇನ್ವರ್ಟರ್ ಲೈನಿನಲ್ಲಿದ್ದರೆ ಈ ಲೆಕ್ಕವೆಲ್ಲ ಬುಡಮೇಲು. ಹಿಂದಿನ ದಿನವೇ ಬ್ಯಾಟರಿಗೆ ಡಿಸ್ಟಿಲ್ಡ್ ವಾಟರ್ ನೋಡಿಕೊಳ್ಳಬೇಕು.

ಜೋರು ಮಳೆಗೆ ಡಿಶ್ ಸಿಗ್ನಲ್ ಹೋಗುವುದನ್ನು ತಡೆಯಲಾಗದು, ಮೋಡ ಸರಿದರೆ ತಾನಾಗಿ ಬರುತ್ತದೆ. ಮಳೆ ನಿಂತ ಮೇಲೂ ಬಾರದಿದ್ದರೆ ಕನೆಕ್ಟರಿಗೆ ನೀರು ಇಳಿದಿದೆ ಎಂದರ್ಥ. ಕೇಬಲ್ಲು ಎಲ್‌ಎನ್‌ಬಿಗೆ (ಡಿಶ್ ಮುಂದೆ ಸಿಗ್ನಲ್ ಹಿಡಿಯುವ ಪುಟ್ಟ ಭಾಗ) ಸೇರುವ ಮುಂಚೆ ಒಂದು ಗೇಣು ಕೆಳಕ್ಕೆ ಜೋತುಬಿಟ್ಟು ಮೇಲಕ್ಕೆ ತಿರುಗಿಸಿ, ಕನೆಕ್ಟರಿಗೆ ಟೇಪು ಸುತ್ತಬೇಕು. ನೀರು ಆ ಬಗ್ಗಿನಲ್ಲೇ ತೊಟ್ಟಿಕ್ಕಿ ಹೋಗುತ್ತದೆ.

ಟಿವಿಗೆ ಕ್ರಿಕೆಟ್, ಫೋನಿಗೆ ಟೆನಿಸ್ ಇಟ್ಟುಕೊಂಡೆ. ಫೋನಿನ ದೃಶ್ಯ ಟಿವಿಗಿಂತ ಅರ್ಧ ನಿಮಿಷವೋ ಇನ್ನೂ ಹೆಚ್ಚೋ ಹಿಂದಿರುತ್ತದೆ, ಸ್ಕೋರಿನ ನೋಟಿಫಿಕೇಶನ್ ಮಾತ್ರ ಅದಕ್ಕಿಂತ ಮೊದಲೇ ಬಂದು ಕೂರುತ್ತದೆ. ಅದನ್ನು ಆರಿಸದಿದ್ದರೆ ಮ್ಯಾಚ್ ಪಾಯಿಂಟಿನ ಎದೆಬಡಿತವೇ ಸಿಗುವುದಿಲ್ಲ. ವಾಟ್ಸಾಪ್ ಗುಂಪುಗಳಿಗೂ ಅಂದು ರಜೆ.

ಚಾನೆಲ್ ಬದಲಿಸುವುದಕ್ಕೂ ಲೆಕ್ಕವಿದೆ. ಟೆನಿಸ್‌ನಲ್ಲಿ ಬೆಸ ಗೇಮ್ ಮುಗಿದಾಗ 90 ಸೆಕೆಂಡ್ ಬಿಡುವು, ಸೆಟ್ ಮುಗಿದರೆ 120. ಸೆಟ್ಟಿನ ಮೊದಲ ಗೇಮ್ ಆದ ಮೇಲೆ ಮಾತ್ರ ಕೂರುವುದಿಲ್ಲ, ಆಗ ಏಳಬೇಡಿ. ರೇಸಿನಲ್ಲಿ ಸೇಫ್ಟಿ ಕಾರ್ (ಅಪಾಯವಿದ್ದಾಗ ಎಲ್ಲರನ್ನೂ ನಿಧಾನಗೊಳಿಸಲು ಮುಂದೆ ಓಡುವ ಕಾರು) ಬಂತೆಂದು ಎದ್ದು ಹೋಗುವುದು ಹಲವರು ಮಾಡುವ ತಪ್ಪು. ರೇಸು ತಿರುಗುವುದೇ ಆಗ. ಅಂದು 20ನೇ ಸುತ್ತಿನಲ್ಲಿ ಜಿಯೋವಿನಾಜಿಯ ಕಾರು ಜಲ್ಲಿಗೆ ಹೋಗಿ ನಿಂತಿತು, ಸೇಫ್ಟಿ ಕಾರ್ ಬಂತು. ಗೆಲುವಿಗೆ ಪೈಪೋಟಿಯಲ್ಲಿದ್ದ ಇಬ್ಬರಲ್ಲಿ ಬೊಟ್ಟಾಸ್ ಆಗಲೇ ಟೈರು ಬದಲಿಸಿಯಾಗಿತ್ತು, ಹ್ಯಾಮಿಲ್ಟನ್ ಇನ್ನೂ ಬದಲಿಸಿರಲಿಲ್ಲ. ಎಲ್ಲರೂ ನಿಧಾನವಾಗಿರುವಾಗ ಟೈರು ಬದಲಿಸಲು ಪಿಟ್‌ಗೆ ಹೋದರೆ ಕಳೆದುಕೊಳ್ಳುವ ಸಮಯ ಕಡಿಮೆ. ಹ್ಯಾಮಿಲ್ಟನ್ ಹೋಗಿ ಬಂದು ಮುಂದೆಯೇ ಉಳಿದರು, ಗೆದ್ದರು. ಸಿಲ್ವರ್‌ಸ್ಟೋನ್‌ನಲ್ಲಿ ಅದು ಅವರ ಆರನೇ ಗೆಲುವು. ಕಾಫಿ ತೋಟದ ಮಣ್ಣುದಾರಿಯಲ್ಲಿ ಕಾರ್ ರ‍್ಯಾಲಿ ನೋಡಿದ ನಮ್ಮ ಜಿಲ್ಲೆಯವರಿಗೆ ಈ ಲೆಕ್ಕಾಚಾರ ಬೇಗ ಹಿಡಿಸುತ್ತದೆ. ಎಂಟು ಗಂಟೆಯ ಹೊತ್ತಿಗೆ ಒಂದು ಆಟ ಮುಗಿಯಿತು. ಊಟಕ್ಕೆ ಕಡುಬು ಮಾಡಿಟ್ಟಿದ್ದರೆ ಸಾಕು, ರೊಟ್ಟಿಯಾದರೆ ಒಲೆ ಬಿಟ್ಟು ಏಳಲಾಗುವುದಿಲ್ಲ.

ಬರೆಯುವುದಕ್ಕೆ ಉದ್ದನೆಯ ಲೆಕ್ಕದ ಪುಸ್ತಕ, ನಾಲ್ಕು ಕಾಲಂ: ಗಂಟೆ, ಏನಾಯಿತು, ಏನನ್ನಿಸಿತು, ಮಾರನೆಯ ದಿನ ತಿಳಿದದ್ದು. ಮೂರನೆಯದನ್ನು ರೀಪ್ಲೇ ಬರುವ ಮುಂಚೆ ತುಂಬಬೇಕು. ರೀಪ್ಲೇ ನೋಡಿದ ಮೇಲೆ ಬರೆದರೆ ಅದು ಕಾಮೆಂಟೇಟರನ ಮಾತಾಗುತ್ತದೆ, ನಮ್ಮದಾಗಿ ಉಳಿಯುವುದಿಲ್ಲ. ನಾಲ್ಕನೆಯದನ್ನು ಅಂದೇ ತುಂಬಬಾರದು.

ಟೆನಿಸ್ ಫೈನಲಿನ ಐದನೇ ಸೆಟ್‌ನಲ್ಲಿ 8-7, ಫೆಡರರ್ ಸರ್ವ್, 40-15. ಎರಡು ಚಾಂಪಿಯನ್‌ಶಿಪ್ ಪಾಯಿಂಟ್. ಮೊದಲನೆಯದಕ್ಕೆ ಫೋರ್‌ಹ್ಯಾಂಡ್ ಹೊರಗೆ ಹೋಯಿತು, ಎರಡನೆಯದಕ್ಕೆ ನೆಟ್ಟಿನ ಹತ್ತಿರ ಬಂದ ಫೆಡರರ್‌ಗೆ ಸಿಗದಂತೆ ಜೊಕೊವಿಚ್ ಚೆಂಡನ್ನು ಅಡ್ಡಕ್ಕೆ (ಕ್ರಾಸ್‌ಕೋರ್ಟ್) ಹೊಡೆದರು. ಮೂರನೇ ಕಾಲಂನಲ್ಲಿ ನಾನು ಬರೆದದ್ದು ಎರಡೇ ಪದ: ‘ಕೈ ತಣ್ಣಗಾಯಿತು.’ 12-12ರಲ್ಲಿ ಟೈಬ್ರೇಕ್ (ಸೆಟ್ ನಿರ್ಧರಿಸುವ ಕೊನೆಯ ಗೇಮ್), 4 ಗಂಟೆ 57 ನಿಮಿಷಕ್ಕೆ ಜೊಕೊವಿಚ್ ಗೆದ್ದರು. ನಾಲ್ಕನೇ ಕಾಲಂ: ಒಟ್ಟು ಪಾಯಿಂಟ್ ಫೆಡರರ್ 218, ಜೊಕೊವಿಚ್ 204. ಆ ಎರಡು ಅಂಕಿ ಇವತ್ತಿಗೂ ನೋವು ಕೊಡುತ್ತವೆ.

ಹನ್ನೊಂದು ಗಂಟೆಯಾದ ಮೇಲೆ ಎರಡು ಆಟವೂ ಒಟ್ಟಿಗೆ ಕುತ್ತಿಗೆಗೆ ಬಂದವು. ಆಗ ಒಂದನ್ನೇ ಹಿಡಿಯಬೇಕು. ಬಾಲ್ ಕಡಿಮೆ ಉಳಿದಿರುವ ಆಟ ಮೊದಲು. ಟೈಬ್ರೇಕ್ ಎಷ್ಟಾದರೂ ಎಳೆಯಬಹುದು. ಇಂಗ್ಲೆಂಡಿಗೆ 3 ಬಾಲಿಗೆ 9 ರನ್ ಬೇಕಿದ್ದಾಗ ನ್ಯೂಜಿಲೆಂಡಿನ ಗಪ್ಟಿಲ್ ಎಸೆದ ಚೆಂಡು ಡೈವ್ ಹೊಡೆದ ಸ್ಟೋಕ್ಸ್ ಬ್ಯಾಟಿಗೆ ತಗುಲಿ ಬೌಂಡರಿ ದಾಟಿತು. ಓಡಿದ್ದಕ್ಕೆ 2, ಬೌಂಡರಿಗೆ 4 ಸೇರಿಸಿ ಅಂಪೈರ್ 6 ಕೊಟ್ಟರು. ‘ಓಡಿದ್ದು ಎಷ್ಟು?’ ಎಂದಷ್ಟೇ ಬರೆದುಕೊಂಡೆ. ಆಮೇಲೆ ತುಂಬಿದ ಕಾಲಂನಲ್ಲಿ ಉತ್ತರವಿದೆ: ನಿಯಮ 19.8ರ ಪ್ರಕಾರ, ಎಸೆದ ಕ್ಷಣಕ್ಕೆ ಬ್ಯಾಟ್ಸ್‌ಮನ್‌ಗಳು ಒಬ್ಬರನ್ನೊಬ್ಬರು ದಾಟಿರದಿದ್ದರೆ ಆಗ ಓಡುತ್ತಿದ್ದ ರನ್ ಲೆಕ್ಕಕ್ಕಿಲ್ಲ. ಎರಡನೇ ರನ್ನಿಗೆ ಅವರು ದಾಟಿರಲಿಲ್ಲ. 5 ಆಗಬೇಕಿತ್ತು ಎಂದು ಮಾಜಿ ಅಂಪೈರ್ ಸೈಮನ್ ಟೌಫೆಲ್ ಕೂಡ ಹೇಳಿದರು. ಹಾಗಾಗಿದ್ದರೆ ಮುಂದಿನ ಬಾಲಿಗೆ ಸ್ಟೋಕ್ಸ್ ಬದಲು ರಶೀದ್ ಬ್ಯಾಟಿಂಗ್.

ರನ್ 241ಕ್ಕೆ 241, ತಲಾ ಒಂದು ಓವರಿನ ಸೂಪರ್ ಓವರ್‌ನಲ್ಲಿ 15ಕ್ಕೆ 15. ಬೌಂಡರಿ ಎಣಿಸಿ 26-17 ಎಂದು ಇಂಗ್ಲೆಂಡಿಗೆ ಕಪ್ ಕೊಟ್ಟರು. ನಾಲ್ಕು ದಿನದ ಹಿಂದೆ ಸೆಮಿಫೈನಲ್‌ನಲ್ಲಿ ನಮ್ಮನ್ನು 18 ರನ್ನಿನಿಂದ ಸೋಲಿಸಿದ ತಂಡ ನ್ಯೂಜಿಲೆಂಡ್, ಆದರೂ ಅದರ ನಾಯಕ ವಿಲಿಯಮ್ಸನ್ ಮುಖ ನೋಡಿ ಕರುಳು ಚುರುಕ್ಕೆಂದಿತು. ರನ್ನಿನಲ್ಲಿ ಸೋಲದ ತಂಡವನ್ನು ಸೋತಿತು ಎನ್ನುವ ನಿಯಮ ತಪ್ಪು ಎಂದು ಅಂದೇ ದಪ್ಪಕ್ಷರದಲ್ಲಿ ಬರೆದಿದ್ದೆ. ಪಕ್ಕದ ಕಾಲಂ ತುಂಬಿದ್ದು ಅಕ್ಟೋಬರಿನಲ್ಲಿ: ‘ಐಸಿಸಿ ನಿಯಮ ಬದಲಿಸಿದೆ. ಫಲಿತಾಂಶ ಬರುವವರೆಗೆ ಸೂಪರ್ ಓವರ್.’