ತೀರ್ಪಿಗೆ ಮುಂಚೆಯೇ ಆಪರೇಷನ್ ದುಡ್ಡು: ನನ್ನ ಅನುಭವ

ವೈದ್ಯಕೀಯ ನಿರ್ಲಕ್ಷ್ಯದ ದೂರಿನಲ್ಲಿ ಕೊನೆಯ ಆದೇಶ ಆಗುವವರೆಗೆ ಗ್ರಾಹಕ ಆಯೋಗದಿಂದ ಒಂದು ರೂಪಾಯಿಯೂ ಹುಟ್ಟಲ್ಲ ಅಂತ ನಮ್ಮ ವಕೀಲರ ಸಂಘದ ಹಿರಿಯರು ಹೇಳುತ್ತಿದ್ದರು. ಹುಟ್ಟಿತು. ಹೆಚ್ಚುಕಮ್ಮಿ ಎರಡು ಲಕ್ಷ.

ಸಿಸೇರಿಯನ್ ಮಾಡುವಾಗ ಹೊಟ್ಟೆಯೊಳಗೆ ಮಾಪ್, ಅಂದರೆ ರಕ್ತ ಒರೆಸುವ ಬಟ್ಟೆ, ಬಿಟ್ಟಿದ್ದರು. ಬೇರೆ ಆಸ್ಪತ್ರೆಯಲ್ಲಿ ಅದನ್ನು ತೆಗೆಯುವಾಗ ಕರುಳಿನ ಒಂದು ತುಂಡೂ ಹೋಯಿತು. ಆ ಹೆಣ್ಣುಮಗಳಿಗೆ ಸ್ಟೋಮಾ ಚೀಲ ಬಂತು, ಹೊಟ್ಟೆಯ ಮೇಲಿನ ರಂಧ್ರದಿಂದ ಮಲ ಬೀಳುವ ಚೀಲ. ಚೀಲಕ್ಕೇ ತಿಂಗಳಿಗೆ ನಾಲ್ಕೈದು ಸಾವಿರ. ಕರುಳನ್ನು ಮತ್ತೆ ಜೋಡಿಸೋಕೆ ದುಡ್ಡಿಲ್ಲ. ದೂರು ಮುಗಿಯೋದು ಯಾವಾಗ ಅಂತ ನಿಮಗೂ ಗೊತ್ತಲ್ವಾ?

ಹಿಂದೆ ಇನ್ನೊಂದು ದೂರಿನಲ್ಲಿ, ಕೇಳಿದ ಪರಿಹಾರದ ಕಾಲು ಭಾಗ ಈಗಲೇ ಕೊಡಿಸಿ ಅಂತ ಗ್ರಾಹಕ ಸಂರಕ್ಷಣಾ ಕಾಯ್ದೆ, 2019ರ ಕಲಂ 38(8)ರ ಕೆಳಗೆ ಐಎ (ಮಧ್ಯಂತರ ಅರ್ಜಿ) ಹಾಕಿದ್ದೆ. ವಜಾ ಆಗಿತ್ತು. ತಜ್ಞರದ್ದು ಬೇರೆಯೇ ಗೋಳು. ಫೈಲ್ ನೋಡಿ ‘ತಪ್ಪಾಗಿದೆ’ ಅಂತ ಬಾಯಲ್ಲಿ ಹೇಳಿದ ಸರ್ಜನ್‌ಗಳು ಸಹಿ ಅಂದ ಕೂಡಲೇ ಹಿಂದೆ ಸರಿದರು. ಒಬ್ಬರು ಸುಮಾರು ಇಪ್ಪತ್ತೈದು ಸಾವಿರ ತಗೊಂಡು ಒಂದು ಪುಟ ಕೊಟ್ಟರು. ‘ಸಾಧ್ಯತೆ ತಳ್ಳಿಹಾಕಲಾಗದು’ ಅನ್ನೋದು ಬಿಟ್ಟರೆ ಅದರಲ್ಲಿ ಏನೂ ಇಲ್ಲ. ಹೊಳೆಯಲ್ಲಿ ಹುಣಸೆಹಣ್ಣು ತೊಳೆದ ಹಾಗಾಯಿತು.

ತಪ್ಪು ಯಾರದ್ದು ಅಂತ ಹೇಳೋಕೆ ತಜ್ಞರನ್ನು ಹುಡುಕುವುದನ್ನೇ ನಿಲ್ಲಿಸಿದೆ. ಹೊಟ್ಟೆಯಲ್ಲಿ ಬಟ್ಟೆ ಸಿಕ್ಕಿದ್ದಕ್ಕೆ ಎರಡನೇ ಆಸ್ಪತ್ರೆಯ ಆಪರೇಷನ್ ನೋಟ್ಸ್ ಇದೆ, ಎಲ್ಲ ದೂರಿಗೂ ತಜ್ಞರ ಅಭಿಪ್ರಾಯ ಬೇಕಿಲ್ಲ ಅಂದ ಸುಪ್ರೀಂ ಕೋರ್ಟಿನ 2010ರ ಕಿಶನ್ ರಾವ್ ತೀರ್ಪು ಇದೆ. ಎದುರಿನವರು, ಡಾಕ್ಟರಿಗೆ ನೋಟಿಸ್ ಕೊಡುವ ಮುಂಚೆ ತಜ್ಞರ ಅಭಿಪ್ರಾಯ ಬೇಕು ಅಂದ ಅದೇ ಕೋರ್ಟಿನ 2009ರ ಮಾರ್ಟಿನ್ ಡಿಸೋಜಾ ತೀರ್ಪು ಹಿಡಿದು ಬಂದರು. ಅದಕ್ಕೂ ಕಿಶನ್ ರಾವ್‌ನಲ್ಲೇ ಉತ್ತರ ಇದೆ.

ಬದಲಿಗೆ, ಕರುಳು ಜೋಡಿಸಬೇಕಾದ ಸರ್ಜನ್ ಹತ್ತಿರ ಹೋದೆ. ಆಪರೇಷನ್ ಬೇಕಾ, ತಡ ಮಾಡಿದರೆ ಏನಾಗುತ್ತೆ, ಖರ್ಚೆಷ್ಟು, ಇಷ್ಟೇ ಬರೆಯಿರಿ ಅಂದೆ. ಹಳೆಯ ಡಾಕ್ಟರ ಬಗ್ಗೆ ಒಂದಕ್ಷರ ಬೇಡ ಅಂದೆ. ಅಫಿಡವಿಟ್‌ಗೆ ತಕ್ಷಣ ಸಹಿ ಹಾಕಿದರು, ಫೀಸೂ ಕೇಳಲಿಲ್ಲ. ಇನ್ನೊಬ್ಬ ಡಾಕ್ಟರ ವಿರುದ್ಧ ಬರೆಯಲ್ಲ ಅನ್ನುವವರು ತಮ್ಮ ರೋಗಿಗೆ ಏನು ಬೇಕು ಅಂತ ಬರೆಯೋಕೆ ಹಿಂಜರಿಯಲ್ಲ.

ಐಎಯಲ್ಲಿ ದುಡ್ಡನ್ನು ದೂರುದಾರರ ಕೈಗೆ ಕೇಳಲೇ ಇಲ್ಲ. ಆಪರೇಷನ್ ಮಾಡುವ ಆಸ್ಪತ್ರೆಯ ಖಾತೆಗೇ ಹೋಗಲಿ, ಕೊನೆಯ ಆದೇಶದಲ್ಲಿ ಮುರಿದುಕೊಳ್ಳಲಿ ಅಂದೆ. ದೂರು ಬಿದ್ದರೆ ವಾಪಸ್ ಕೊಡುವುದಾಗಿ ಗಂಡನಿಂದ ಮುಚ್ಚಳಿಕೆ. ಆ ಮುಚ್ಚಳಿಕೆಯಲ್ಲಿ ಸೇರಿಸಿದ ಇನ್ನೊಂದು ಸಾಲು ಬಹಳ ಕೆಲಸ ಮಾಡಿತು. ಅದನ್ನು ಇಲ್ಲಿ ಬರೆಯಲ್ಲ.

ಮಾಪ್ ಎಣಿಕೆಯ ಹಾಳೆಯ ಬಗ್ಗೆಯೂ ಹೇಳಬೇಕು. ಕೇಸ್ ಶೀಟ್ 72 ಗಂಟೆಯಲ್ಲಿ ಕೊಡಬೇಕು ಅಂತ ನಿಯಮ ಇದ್ದರೂ ನೋಟಿಸ್ ಕೊಟ್ಟ ಮೇಲೇ ಕೈಗೆ ಬಂದಿದ್ದು. ಶುರುವಿನಲ್ಲಿ ಹತ್ತು, ಹೊಲಿಯುವ ಮುಂಚೆ ಹತ್ತು, ಕೊನೆಗೆ ಹತ್ತು. ಮೂರೂ ಒಂದೇ ಪೆನ್ನು, ಒಂದೇ ಓರೆ, ನರ್ಸ್ ಸಹಿಯ ಜಾಗ ಖಾಲಿ. ಫಾರ್ಮಸಿ ಬಿಲ್‌ನಲ್ಲಿ ಮಾತ್ರ ಐದೈದು ಮಾಪ್‌ನ ಮೂರು ಪ್ಯಾಕ್. ಬಿಲ್ ಜೊತೆ ತಾಳೆ ನೋಡುವ ಈ ಉಪಾಯವನ್ನು ಒಂದು ಅರಿವಳಿಕೆ ಕೇಸಿನಲ್ಲೂ ನೋಡಿದೆ, ಆಕ್ಸಿಜನ್ ಬಿಲ್ಲನ್ನು ಮಾನಿಟರ್ ಚಾರ್ಟ್ ಜೊತೆ ಇಟ್ಟು. ಅಲ್ಲಿ ಏನೂ ಸಿಗಲಿಲ್ಲ. ಆಕ್ಸಿಜನ್‌ಗೆ ಸುಮ್ನೆ ದಿನದ ಲೆಕ್ಕದಲ್ಲಿ ಬಿಲ್ ಹಾಕಿದ್ದರು.

ದುಡ್ಡು ಕೊಡಿಸಿದ ಆದೇಶದ ವಿರುದ್ಧ ಸಿಸೇರಿಯನ್ ಮಾಡಿದ ಆಸ್ಪತ್ರೆಯವರು ರಾಜ್ಯ ಆಯೋಗಕ್ಕೆ ರಿವಿಷನ್ (ಮರುಪರಿಶೀಲನೆ ಅರ್ಜಿ) ಹೋದರು, ನಿಲ್ಲಲಿಲ್ಲ. ಆಪರೇಷನ್ ಆಗಿದೆ, ಚೀಲ ಹೋಗಿದೆ. ದೂರು ಈಗ ಪ್ರಶ್ನಾವಳಿಯ ಹಂತದಲ್ಲಿದೆ, ಅಂದರೆ ಎದುರಿನವರಿಗೆ ಬರಹದಲ್ಲಿ ಪ್ರಶ್ನೆ ಕೇಳುವ ಹಂತ. ಬಿಲ್‌ನಲ್ಲಿ ಜಾಸ್ತಿ ಇರುವ ಆ ಐದು ಮಾಪ್‌ಗೆ ಡಾಕ್ಟರು ಇನ್ನೂ ಉತ್ತರ ಕೊಟ್ಟಿಲ್ಲ.