ಕೆಟ್ಟ ಕಂಪ್ಯೂಟರಿನ ಡಿಸ್ಕಿನಿಂದ ಹಳೆಯ ಮೇಲ್ ತೆಗೆಯುವುದು ಹೇಗೆ

ಕಂಪ್ಯೂಟರ್ ಆನ್ ಆಗುತ್ತಿಲ್ಲ ಎಂದಮಾತ್ರಕ್ಕೆ ಹಾರ್ಡ್ ಡಿಸ್ಕ್ ಹೋಯಿತು ಎಂದುಕೊಳ್ಳಬೇಡಿ. ಎಷ್ಟೋ ಸಲ ಕೈಕೊಟ್ಟಿರುವುದು ಪವರ್ ಸಪ್ಲೈ ಅಥವಾ ಮದರ್‌ಬೋರ್ಡ್. ವಿಂಡೋಸ್ ಎಕ್ಸ್‌ಪಿ ಕಾಲದ ಮೇಲ್ ಪ್ರೋಗ್ರಾಂ ಔಟ್‌ಲುಕ್ ಎಕ್ಸ್‌ಪ್ರೆಸ್, ಪಾಪ್ (ಸರ್ವರಿನಿಂದ ಮೇಲ್ ಇಳಿಸಿಕೊಳ್ಳುವ ಒಂದು ವಿಧಾನ) ಖಾತೆಯ ಮೇಲ್‌ಗಳನ್ನು ಇಳಿಸಿಕೊಂಡ ಮೇಲೆ ಸಾಮಾನ್ಯವಾಗಿ ಸರ್ವರಿನಿಂದ ಅಳಿಸಿಬಿಡುತ್ತಿತ್ತು. ಅಂದರೆ ಇರುವ ಒಂದೇ ಪ್ರತಿ ಈ ಡಿಸ್ಕಿನಲ್ಲಿದೆ. ರಿಪೇರಿ ಅಂಗಡಿಯವರು ‘ಮೈ ಡಾಕ್ಯುಮೆಂಟ್ಸ್ ತೆಗೆದಿಟ್ಟಿದ್ದೀವಿ, ಫಾರ್ಮ್ಯಾಟ್ ಮಾಡ್ಲಾ?’ ಎಂದರೆ ಖಂಡಿತ ಒಪ್ಪಬೇಡಿ. ಮೇಲ್ ಇರುವುದು ಆ ಫೋಲ್ಡರಿನಲ್ಲಲ್ಲ.

ಡಿಸ್ಕ್ ಬಿಚ್ಚಿ, ಯುಎಸ್‌ಬಿ ಅಡಾಪ್ಟರ್ ಮೂಲಕ ಬೇರೆ ಕಂಪ್ಯೂಟರಿಗೆ ಹಾಕಿ. ಡಿಸ್ಕಿನ ಕನೆಕ್ಟರ್ ನೋಡಿ ಅಡಾಪ್ಟರ್ ಆರಿಸಿ: ಹಳೆಯ ಐಡಿಇ ಮಾದರಿಯ ಡಿಸ್ಕಿಗೆ 40 ಪಿನ್, ಲ್ಯಾಪ್‌ಟಾಪಿನದಕ್ಕೆ 44 ಪಿನ್, ಆಮೇಲಿನವು ಸಾಟಾ ಮಾದರಿಯವು. 3.5 ಇಂಚಿನ ಡಿಸ್ಕಿಗೆ 12 ವೋಲ್ಟ್ ಬೇಕು, ಯುಎಸ್‌ಬಿಯ 5 ವೋಲ್ಟಿನಲ್ಲಿ ಅದು ತಿರುಗುವುದಿಲ್ಲ. ಪ್ರತ್ಯೇಕ ಪವರ್ ಅಡಾಪ್ಟರ್ ಇರುವುದನ್ನೇ ಕೊಳ್ಳಿ. ಐಡಿಇ ಡಿಸ್ಕ್ ಕಾಣಿಸದಿದ್ದರೆ ಜಂಪರನ್ನು (ಡಿಸ್ಕಿನ ಹಿಂಬದಿಯ ಪಿನ್‌ಗಳಿಗೆ ಸಿಕ್ಕಿಸುವ ಪುಟ್ಟ ತುಂಡು) ‘ಮಾಸ್ಟರ್’ ಸ್ಥಾನಕ್ಕೆ ಬದಲಿಸಿ ನೋಡಿ.

ಕರೆಂಟ್ ಕೊಟ್ಟ ಕೂಡಲೇ ಕಿವಿಗೊಡಿ. ಒಂದೇ ಲಯದಲ್ಲಿ ಟಕ್, ಟಕ್ ಎಂದರೆ ತಟ್ಟೆಯನ್ನು ಓದುವ ಹೆಡ್ ಹೋಗಿರುವ ಸಾಧ್ಯತೆ ಹೆಚ್ಚು. ತಕ್ಷಣ ಆಫ್ ಮಾಡಿ. ತಿರುಗಿದಷ್ಟೂ ತಟ್ಟೆ ಗೀರಿಹೋಗಬಹುದು. ಅದು ಡೇಟಾ ರಿಕವರಿ ಲ್ಯಾಬಿನ ಕೆಲಸ. ಶಬ್ದವಿಲ್ಲದೆ ನಿಧಾನವಾಗಿ ಓದುತ್ತಿದ್ದರೆ, ಲಿನಕ್ಸ್ ಪೆನ್‌ಡ್ರೈವಿನಿಂದ ಬೂಟ್ ಮಾಡಿ ಡಿಡಿರೆಸ್ಕ್ಯೂ ಎಂಬ ಪ್ರೋಗ್ರಾಂ ಮೂಲಕ ಇಡೀ ಡಿಸ್ಕಿನ ಇಮೇಜ್ (ಯಥಾವತ್ ಪ್ರತಿ) ತೆಗೆಯಿರಿ. ಎಲ್ಲಿವರೆಗೆ ಓದಿತೆಂದು ಬರೆದಿಡುವ ಮ್ಯಾಪ್ ಫೈಲ್ ಕೊಟ್ಟಿದ್ದರೆ ಮಧ್ಯೆ ನಿಂತರೂ ಬಿಟ್ಟಲ್ಲಿಂದಲೇ ಮುಂದುವರಿಯುತ್ತದೆ. ‘ಫಾರ್ಮ್ಯಾಟ್ ಮಾಡಬೇಕೇ’ ಎಂದು ವಿಂಡೋಸ್ ಕೇಳಿದರೆ ಕ್ಯಾನ್ಸಲ್. ಡಿಸ್ಕಿನ ದೋಷ ಸರಿಪಡಿಸುವ ಚೆಕ್‌ಡಿಸ್ಕ್ ಕೂಡ ಬೇಡ, ಸರಿಪಡಿಸುವಾಗ ಅದು ಮೂಲ ಡಿಸ್ಕಿನ ಮೇಲೇ ಬರೆಯುತ್ತದೆ.

ಎಕ್ಸ್‌ಪಿ ಡಿಸ್ಕಿನಲ್ಲಿ ಮೇಲ್ ಇರುವ ಫೋಲ್ಡರಿಗೆ ದಾರಿ ಹೀಗೆ: ಡಾಕ್ಯುಮೆಂಟ್ಸ್ ಅಂಡ್ ಸೆಟ್ಟಿಂಗ್ಸ್, ಬಳಕೆದಾರರ ಹೆಸರು, ಲೋಕಲ್ ಸೆಟ್ಟಿಂಗ್ಸ್, ಅಪ್ಲಿಕೇಶನ್ ಡೇಟಾ, ಐಡೆಂಟಿಟೀಸ್, ಬ್ರಾಕೆಟ್ಟಿನೊಳಗಿನ ಉದ್ದನೆಯ ಸಂಖ್ಯೆ, ಮೈಕ್ರೋಸಾಫ್ಟ್, ಔಟ್‌ಲುಕ್ ಎಕ್ಸ್‌ಪ್ರೆಸ್. ಲೋಕಲ್ ಸೆಟ್ಟಿಂಗ್ಸ್ ಮರೆಮಾಡಿದ ಫೋಲ್ಡರ್, ಹಿಡನ್ ಫೈಲ್ ತೋರಿಸುವ ಆಯ್ಕೆ ಒತ್ತಿರಿ. ‘ಆಕ್ಸೆಸ್ ಡಿನೈಡ್’ ಬಂದರೆ ಲಿನಕ್ಸಿನಿಂದ ಓದುವುದೇ ಮೇಲು. ಅದು ವಿಂಡೋಸಿನ ಅನುಮತಿಗಳನ್ನು ಸಾಮಾನ್ಯವಾಗಿ ಲೆಕ್ಕಿಸುವುದಿಲ್ಲ.

ಅಲ್ಲಿ ಮೇಲ್ ಕೂಡಿಟ್ಟಿರುವ ಡಿಬಿಎಕ್ಸ್ (.dbx) ಫೈಲುಗಳನ್ನೆಲ್ಲ ಒಟ್ಟಿಗೆ ಕಾಪಿ ಮಾಡಿ. ಇನ್‌ಬಾಕ್ಸ್ ಒಂದನ್ನೇ ತಂದರೆ ಸಾಲದು, ಫೋಲ್ಡರುಗಳ ಪಟ್ಟಿ ಇರುವುದು ‘ಫೋಲ್ಡರ್ಸ್’ ಹೆಸರಿನ ಫೈಲಿನಲ್ಲಿ. ಪ್ರಾಪರ್ಟೀಸ್‌ನಲ್ಲಿ ‘ರೀಡ್-ಓನ್ಲಿ’ ಟಿಕ್ ಇದ್ದರೆ ತೆಗೆಯಿರಿ. ಸಿಡಿಯಿಂದ ತಂದ ಫೈಲುಗಳು ಇಂಪೋರ್ಟ್ ಆಗದಿರುವುದು ಬಹುಪಾಲು ಇದೇ ಕಾರಣಕ್ಕೆ. ಇನ್‌ಬಾಕ್ಸ್ ಗಾತ್ರ 2 ಜಿಬಿ ಮುಟ್ಟಿದ್ದರೆ ಅದು ಕೆಟ್ಟಿರುವ ಸಂಭವವೂ ಇದೆ.

ಈಗಿನ ವಿಂಡೋಸಿನಲ್ಲಿ ಔಟ್‌ಲುಕ್ ಎಕ್ಸ್‌ಪ್ರೆಸ್ ಇಲ್ಲ. ಎಕ್ಸ್‌ಪಿ ಇರುವ ಇನ್ನೊಂದು ಕಂಪ್ಯೂಟರಿನಲ್ಲೋ ವರ್ಚುವಲ್ ಮಷೀನಿನಲ್ಲೋ (ಕಂಪ್ಯೂಟರಿನೊಳಗೇ ಓಡುವ ಸಾಫ್ಟ್‌ವೇರ್ ಕಂಪ್ಯೂಟರ್) ಇಂಪೋರ್ಟ್ ಮಾಡಿ, ಮೇಲ್‌ಗಳನ್ನು ಆರಿಸಿ ವಿಂಡೋಸಿನ ಒಂದು ಫೋಲ್ಡರಿಗೆ ಎಳೆದು ಹಾಕಿ. ಒಂದೊಂದೂ ಇಎಂಎಲ್ (.eml) ಫೈಲಾಗುತ್ತದೆ, ಥಂಡರ್‌ಬರ್ಡ್ ಎಂಬ ಮೇಲ್ ಪ್ರೋಗ್ರಾಂ ಅದನ್ನು ತೆರೆಯುತ್ತದೆ.

ಬಳಸುತ್ತಿದ್ದುದು ಮೈಕ್ರೋಸಾಫ್ಟ್ ಆಫೀಸಿನ ಔಟ್‌ಲುಕ್ ಆಗಿದ್ದರೆ ಅದರ ಮೇಲ್ ಇರುವ ಪಿಎಸ್‌ಟಿ (.pst) ಫೈಲ್ ಹುಡುಕಿ. ಕೆಟ್ಟಿದ್ದರೆ ಅದನ್ನು ಸರಿಪಡಿಸುವ ಸ್ಕ್ಯಾನ್‌ಪಿಎಸ್‌ಟಿ ಪ್ರೋಗ್ರಾಮನ್ನು ಪ್ರತಿಯ ಮೇಲಷ್ಟೇ ಓಡಿಸಿ.

ಇಂಪೋರ್ಟ್ ಮುಗಿಸಿ ಮುಚ್ಚುವಾಗ ಔಟ್‌ಲುಕ್ ಎಕ್ಸ್‌ಪ್ರೆಸ್ ‘ಕಾಂಪ್ಯಾಕ್ಟ್ ಮಾಡಲೇ’ (ಫೈಲಿನ ಖಾಲಿ ಜಾಗ ತೆಗೆದು ಕುಗ್ಗಿಸಲೇ) ಎಂದು ಕೇಳಬಹುದು. ಬೇಡ ಎನ್ನಿ. ಡಿಲೀಟ್ ಮಾಡಿದ್ದ ಮೇಲ್‌ಗಳ ಅಕ್ಷರಗಳೂ ಕಾಂಪ್ಯಾಕ್ಟ್ ಆಗುವವರೆಗೆ ಡಿಬಿಎಕ್ಸ್ ಫೈಲಿನಲ್ಲಿ ಉಳಿದಿರಬಹುದು.