ಬ್ಯಾಕಪ್ ಅಳಿಸಿದರೂ ಜಾಗ ಖಾಲಿ ಆಗದಿದ್ದರೆ

ಹಾಸನದ ಒಂದು ಕಾಫಿ ಕ್ಯೂರಿಂಗ್ ಆಫೀಸಿನಲ್ಲಿ ಪ್ರಾಕ್ಸ್‌ಮಾಕ್ಸ್ ಬ್ಯಾಕಪ್ ಸರ್ವರ್ (ಕಂಪ್ಯೂಟರ್‌ಗಳ ಬ್ಯಾಕಪ್ ಇಡುವ ಸಾಫ್ಟ್‌ವೇರ್) ನೋಡಿಕೊಳ್ಳುತ್ತೇನೆ. ಡಿಸ್ಕು 4 ಟಿಬಿ. ಡೇಟಾಸ್ಟೋರ್, ಅಂದರೆ ಬ್ಯಾಕಪ್‌ಗಳು ಕೂರುವ ಜಾಗ, 94% ತುಂಬಿದೆ ಎಂದು ತೋರಿಸುತ್ತಿತ್ತು. ಹಳೆಯ ಬ್ಯಾಕಪ್ ಅಳಿಸಿದರೆ ಪಟ್ಟಿಯಿಂದ ಹೋಗುತ್ತಿತ್ತು, ಆದರೆ ಅಂಕಿ ಮಾತ್ರ ಅಲ್ಲಾಡುತ್ತಿರಲಿಲ್ಲ.

ಸರ್ವರ್ ರೀಸ್ಟಾರ್ಟ್ ಮಾಡಿದ್ದರಿಂದ ಏನೂ ಆಗಲಿಲ್ಲ. ಇನ್ನಷ್ಟು ಬ್ಯಾಕಪ್ ಅಳಿಸಿದರೂ ಅಷ್ಟೇ. ಪಟ್ಟಿಯಲ್ಲಿರುವ ಗಾತ್ರಗಳನ್ನು ಕೂಡಿಸಿ ನೋಡಿದರೆ ಡಿಸ್ಕಿಗಿಂತ ಜಾಸ್ತಿ ಬರುತ್ತಿತ್ತು. ಈ ಸರ್ವರ್ ಡೇಟಾವನ್ನು ತುಣುಕುಗಳಾಗಿ (ಚಂಕ್ಸ್) ಒಡೆದು ಇಡುತ್ತದೆ, ಒಂದೇ ತುಣುಕನ್ನು ಹಲವು ಬ್ಯಾಕಪ್‌ಗಳು ಹಂಚಿಕೊಳ್ಳುತ್ತವೆ, ಹಾಗಾಗಿ ಆ ಲೆಕ್ಕಕ್ಕೆ ಅರ್ಥವಿಲ್ಲ. 4 ಟಿಬಿ ಡಿಸ್ಕು 3.64 ಎಂದು ಕಾಣುವುದೂ ದೋಷವಲ್ಲ, ಅದು 1000 ಮತ್ತು 1024ರ ಲೆಕ್ಕದ ವ್ಯತ್ಯಾಸ.

ಪ್ರೂನ್ ಮಾಡಿದರೆ, ಅಂದರೆ ಹಳೆಯ ಬ್ಯಾಕಪ್ ಅಳಿಸಿದರೆ, ಬ್ಯಾಕಪ್ಪಿನ ಸೂಚಿ ಮಾತ್ರ ಹೋಗುತ್ತದೆ. ತುಣುಕುಗಳನ್ನು ತೆಗೆಯುವುದು ಗಾರ್ಬೇಜ್ ಕಲೆಕ್ಷನ್ (ಜಿಸಿ) ಎಂಬ ಬೇರೆ ಕೆಲಸ. ಅದು ಕೂಡ ಕೊನೆಯ ಬಳಕೆಯಿಂದ 24 ಗಂಟೆ 5 ನಿಮಿಷ ದಾಟಿದ ತುಣುಕನ್ನಷ್ಟೇ ಮುಟ್ಟುತ್ತದೆ. ಪ್ರೂನ್ ಆದ ಕೂಡಲೇ ಓಡಿಸಿದಾಗ ಲಾಗ್‌ನಲ್ಲಿ 'ಪೆಂಡಿಂಗ್ ರಿಮೂವಲ್ಸ್' (ತೆಗೆಯಲು ಬಾಕಿ ಇರುವವು) ಎಂಬ ಸಾಲು ಬಂದಿದ್ದು ಇದಕ್ಕೇ. ಈ ಸಾಲನ್ನು ಮೊದಲು ನೋಡಿ.

ಕೆಲಸ ಮಾಡಿದ ಕ್ರಮ ಇದು. ಡೇಟಾಸ್ಟೋರ್‌ನ 'ಪ್ರೂನ್ ಅಂಡ್ ಜಿಸಿ' ಟ್ಯಾಬ್‌ನಲ್ಲಿ ಎಷ್ಟು ಬ್ಯಾಕಪ್ ಉಳಿಯಬೇಕು ಎಂಬುದಕ್ಕೆ ಕೀಪ್ ಲಾಸ್ಟ್ (ಕೊನೆಯವು) 3, ಡೈಲಿ (ದಿನಕ್ಕೊಂದರಂತೆ) 7, ವೀಕ್ಲಿ (ವಾರಕ್ಕೊಂದರಂತೆ) 4. ಪ್ರೂನ್ ರಾತ್ರಿ 9ಕ್ಕೆ, ಗಾರ್ಬೇಜ್ ಕಲೆಕ್ಷನ್ ದಿನಾ ರಾತ್ರಿ 10:30ಕ್ಕೆ. ಮೊದಲ ರಾತ್ರಿಯ ಅಂಕಿ ನೋಡಿ ಏನನ್ನೂ ಬದಲಿಸಬೇಡಿ. ಮುಂದಿನ ಒಂದೆರಡು ಓಟಗಳಲ್ಲಿ ಜಾಗ ಬಿಡುಗಡೆ ಆಗುತ್ತದೆ. ನಮ್ಮಲ್ಲಿ 61%ಗೆ ಇಳಿಯಿತು.

ಅವಸರಕ್ಕೆ ಚಂಕ್ಸ್ ಫೋಲ್ಡರಿನ ಫೈಲುಗಳನ್ನು ಕೈಯಾರೆ ಅಳಿಸಬೇಡಿ, ಉಳಿದ ಬ್ಯಾಕಪ್‌ಗಳೂ ಹಾಳಾಗುತ್ತವೆ.